ದೊಡ್ಡವ್ವನ ಹುಳದ ಮನೆಗೆ ಗಾಳಿ ಬಂದದ್ದು

ನಮ್ಮ ದೊಡ್ಡವ್ವನ ಮನೆಗೆ ಹೋದವರು ಕೈಕಾಲು ತೊಳೆಯುವ ಮುಂಚೆ ಕಂಕುಳು ಒಪ್ಪಿಸಬೇಕಿತ್ತು. ಹೊಸ್ತಿಲ ಒಳಗೆ ಅವಳು, ಹೊರಗೆ ನೀವು. ಸೊಂಟದ ಮೇಲೆ ಎರಡೂ ಕೈ ಇಟ್ಟು, ಕತ್ತು ಮುಂದೆ ಚಾಚಿ, ಮೂಗಿನ ಹೊಳ್ಳೆ ಅರಳಿಸಿ ತಲೆಯಿಂದ ಕಾಲಿನವರೆಗೆ ಮೂಸುತ್ತಿದ್ದಳು. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರ ಮುಖದಲ್ಲಿ ಒಂದು ಅನುಮಾನ ಇರುತ್ತದಲ್ಲ, ಅದೇ ಅನುಮಾನ. ತಲೆಗೆ ವಾಸನೆ ಎಣ್ಣೆ ಹಚ್ಚಿದ್ದರೆ ಬಾವಿಕಟ್ಟೆಗೆ. ಬೀಡಿ ಸೇದಿದ್ದರೆ ಬೀದಿಗೆ. ಜೇಬಿನಲ್ಲಿ ಹೊಗೆಸೊಪ್ಪಿನ ಚೂರಿದ್ದರೆ, ಅದು ಮೊನ್ನೆಯ ಚೂರಾದರೂ ಸರಿ, ನಿಮ್ಮಪ್ಪನ ಹೆಸರು ಹಿಡಿದು ಬೈಗುಳ.

ಹೆಸರು ಜವರಮ್ಮ. ನನ್ನ ತಾಯಿಯ ಅಕ್ಕ. ಕಿಕ್ಕೇರಿಯಲ್ಲಿ ಚಾಕಿ ಸಾಕುತ್ತಿದ್ದಳು. ಅಂದರೆ ಮೊಟ್ಟೆಯೊಡೆದ ರೇಷ್ಮೆ ಹುಳವನ್ನು ಎರಡು ಜ್ವರ ದಾಟುವ ತನಕ ಕೂಸಿನ ಹಾಗೆ ನೋಡಿಕೊಂಡು, ಆಮೇಲೆ ಸುತ್ತಲ ಹಳ್ಳಿಯ ರೈತರಿಗೆ ಹಂಚುವುದು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಸಾಸಿವೆಗಿಂತ ಸಣ್ಣ ಆ ಮರಿಗಳಿಗೆ ಹೊಗೆ ಆಗದು, ಸೆಂಟು ಆಗದು, ಚಳಿಯಂತೂ ಆಗಲೇ ಆಗದು. ನಮ್ಮಂಥವರೂ ಅಷ್ಟಾಗಿ ಆಗುತ್ತಿರಲಿಲ್ಲ.

ನಾಗಮಂಗಲ ಕಡೆಯಿಂದ ತಂದ ಹೊಸ ಅಳಿಯ ಮೊದಲ ಹಬ್ಬಕ್ಕೆ ಬಂದಾಗ ಪಾಪ, ಸೆಂಟು ಹಾಕಿಕೊಂಡಿದ್ದ. ಬಸ್ಸಿಳಿದು ಬೀದಿ ತುದಿಯಲ್ಲಿ ಕಾಣಿಸಿದ್ದೇ ತಡ, ದೊಡ್ಡವ್ವನ ಮೂಗು ಎದ್ದು ನಿಂತಿತು.

"ಬನ್ನಿ ಅಳಿಯಂದ್ರೇ, ಬನ್ನಿ ಬನ್ನಿ... ಅಲ್ಲೇ ನಿಂತ್ಕಳಿ."

ಅಳಿಯನಿಗೆ ಬಾವಿಕಟ್ಟೆಯಲ್ಲಿ ಸೀಗೆಪುಡಿ ಸ್ನಾನವಾಯಿತು. ಅಂಗಿ ನುಗ್ಗೆಮರ ಹತ್ತಿತು. ಹಬ್ಬದ ಎಲೆಯ ಮುಂದೆ ಆತ ನನ್ನ ಹಳೇ ಲುಂಗಿ ಸುತ್ತಿಕೊಂಡು ಒಬ್ಬಟ್ಟು ತಿಂದ. ಮಗಳು ಪುಟ್ಟಿ ಅಡುಗೆಮನೆಯಲ್ಲಿ ಅತ್ತಳು. "ಅವ್ವಾ, ನನ್ ಮರ್ವಾದೆ ತೆಗ್ದೆ ಕಣವ್ವ."

"ಮರ್ವಾದೆ ನಾಳಿಕ್ಕೆ ಬತ್ತದೆ ಕಣಮ್ಮಿ. ನೂರು ಮನೇರು ನಂಬ್ಕೊಂಡವ್ರೆ. ಉಳ ಓದ್ರೆ ಬತ್ತವಾ?"

ನಾನಾಗ ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕೂಗುವ ಏಜೆಂಟ್. ಬಿ.ಎ. ಓದಿ ಕೂಗುವ ಕೆಲಸವಾ ಅಂದವರಿಗೆ, ಓದದಿದ್ದರೆ ಕೂಗಲೂ ಬಿಡುತ್ತಿರಲಿಲ್ಲ ಅನ್ನುತ್ತಿದ್ದೆ. ನನ್ನ ಮುಖ ನೋಡಿ ಯಾರೂ ಹೆಣ್ಣು ಕೊಡುವ ಹಾಗಿರಲಿಲ್ಲ. ಗಂಟಲು ಮಾತ್ರ ಊರಿನವರದ್ದೆಲ್ಲ ನನ್ನ ಹತ್ತಿರವೇ ಇತ್ತು. ತಹಸೀಲ್ದಾರರ ಕೆಮ್ಮು, ಹೋಟೆಲಿನವನ ಗೊಣಗು, ನಮ್ಮ ಬಸ್ಸಿನ ಗೇರು ಬೀಳುವ ಸದ್ದು, ಯಾವುದು ಕೇಳಿದರೂ ಮಾಡಿ ತೋರಿಸುತ್ತಿದ್ದೆ. ನನ್ನದೇ ದನಿ ಯಾವುದು ಅಂತ ಯಾರಾದರೂ ಕೇಳಿದರೆ ಮಾತ್ರ ಯೋಚನೆಗೆ ಬೀಳುತ್ತಿದ್ದೆ. ಬೆಳಗಿನ ಮೊದಲ ಬಸ್ಸು ಕಿಕ್ಕೇರಿಯಿಂದಲೇ ಹೊರಡುತ್ತಿದ್ದರಿಂದ ಊಟ, ವಾಸ, ಬೈಗುಳ ಎಲ್ಲ ದೊಡ್ಡವ್ವನ ಮನೆಯಲ್ಲೇ.

ನನ್ನ ಐಟಂಗಳಲ್ಲಿ ಜನ ಮತ್ತೆ ಮತ್ತೆ ಕೇಳುತ್ತಿದ್ದದ್ದು ದೊಡ್ಡವ್ವನದು. ಅವಳಿಗೆ ದಮ್ಮು. ಒಂದು ಮಾತು ಹೇಳಲು ಮೂರು ಕಡೆ ನಿಲ್ಲುತ್ತಿದ್ದಳು, ಲೋಕಲ್ ಬಸ್ಸಿನ ಹಾಗೆ. "ಲೇ... ಆ ಸೊಪ್ಪ... ನೆಳ್ಳಗೆ... ಆಕ್ಲಾ." ಪ್ರತಿ ನಿಲ್ದಾಣದಲ್ಲೂ ಎದೆಯೊಳಗೆ ಸಣ್ಣದೊಂದು ಶಿಳ್ಳೆ. ನಾನು ಬಸ್ ಸ್ಟ್ಯಾಂಡಿನಲ್ಲಿ ಹಾಗೇ ಕೂಗಿದರೆ, "ಕಿಕ್... ಕೇರೀ... ಯಾರ್ರೀ... ಅತ್ರೀ...", ಹೂವಿನವರಿಂದ ಹಿಡಿದು ಚೆಕಿಂಗಿನವರ ತನಕ ನಗುತ್ತಿದ್ದರು. ಸುದ್ದಿ ಅವಳ ಕಿವಿಗೂ ಬಿತ್ತು. ರಾತ್ರಿ ಮುದ್ದೆ ಇಕ್ಕುತ್ತಾ ಅಂದಳು:

"ನನ್ ದಮ್ಗೆ... ಟಿಕೀಟ್... ಮಡಗಿದ್ದೀಯಂತೆ. ನಂಗೆ... ಭಾಗ... ಎಲ್ಲಿ?"

ಅವಳ ದಮ್ಮಿಗೆ ಕಾರಣ ಅವಳ ಕಾಲ ಬುಡದಲ್ಲೇ ಕೂತಿತ್ತು. ಕಾರ್ತಿಕ ಬಂತೆಂದರೆ ಹುಳದ ಮನೆಯ ಕಿಟಕಿಗಳಿಗೆ ಗೋಣಿಚೀಲ ತುರುಕಿ, ನಡುವೆ ಇದ್ದಿಲ ಒಲೆ ಇಟ್ಟು, ಬಾಗಿಲು ಭದ್ರ ಮಾಡಿ, ಹುಳದ ತಟ್ಟೆಗಳ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದಳು. ಹತ್ತಾರು ವರ್ಷದಿಂದ ಹಾಗೇ. ಊರಿನವರ ತಲೆಯೆಣ್ಣೆಯನ್ನೂ ಸಹಿಸದ ಮೂಗು ಆ ಒಲೆಯನ್ನು ಮಾತ್ರ ಮಗನ ಹಾಗೆ ಒಳಗೆ ಬಿಟ್ಟುಕೊಂಡಿತ್ತು.

"ದೊಡ್ಡವ್ವಾ, ಅದೂ ಹೊಗೆ ಅಲ್ವಾ?"

"ಇದ್ಲಿಗೆ... ಒಗೆ ಎಲ್ಲೈತ್ಲಾ? ಮೂಸು... ಬೇಕಾರೆ. ವಾಸ್ನೆ... ಬತ್ತದಾ?"

ಬರುತ್ತಿರಲಿಲ್ಲ. ಅದೇ ತೊಂದರೆ. ಅವಳ ಮೂಗಿಗೆ ಸಿಕ್ಕದ್ದು ಲೋಕದಲ್ಲೇ ಇಲ್ಲ ಅಂತ ಅವಳ ಲೆಕ್ಕ.

ಒಂದು ಚಳಿಗಾಲದ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟವನು ಕಾಫಿಗೆ ಕರೆದರೆ ಒಳಗಿಂದ ಬೈಗುಳವೇ ಬರಲಿಲ್ಲ. ಬೈಗುಳ ಬರಲಿಲ್ಲ ಅಂದರೆ ಗಾಬರಿಯಾಗದೆ ಇರುತ್ತದಾ? ಹುಳದ ಮನೆಯ ಬಾಗಿಲು ತಳ್ಳಿದೆ. ಚಾಪೆಯ ಮೇಲೆ ಮುಖ ಕೆಂಪಗೆ ಮಾಡಿಕೊಂಡು, ಕಣ್ಣು ಅರ್ಧ ತೆರೆದು ಮಲಗಿದ್ದಳು. ಕರೆದರೆ "ಹೂಂ" ಅಂದಳೇ ಹೊರತು ಏಳಲಿಲ್ಲ. ಎತ್ತಿ ಅಂಗಳಕ್ಕೆ ತಂದು ಮಲಗಿಸಿದೆ. ತಣ್ಣನೆ ಗಾಳಿಗೆ ವಾಂತಿ ಮಾಡಿಕೊಂಡಳು, ತಲೆ ಸಿಡಿಯುತ್ತೆ ಅಂದಳು, ಆಮೇಲೆ ನನ್ನ ಅಂಗಿ ಹಿಡಿದು ಕೇಳಿದ್ದು ಒಂದೇ. "ಉಳ?"

ಹುಳವೂ ಸೊರಗಿದ್ದವು. ನಾನು ಬಸ್ಸಿನಲ್ಲೇ ಅವಳನ್ನು ಪೇಟೆಗೆ ಕರೆದೊಯ್ದೆ. ಡಾಕ್ಟರು ಒಲೆಯ ಕತೆ ಕೇಳಿ ಪೆನ್ನು ಕೆಳಗಿಟ್ಟರು. ಇದ್ದಿಲಿನಿಂದ ಬರುವ ಕೆಟ್ಟ ಗಾಳಿಗೆ ವಾಸನೆ ಇರಲ್ಲ, ಬಾಗಿಲು ಮುಚ್ಚಿದರೆ ಮಲಗಿದವರು ಏಳಲ್ಲ, ಇನ್ನೊಂದು ಚಳಿಗಾಲ ಹೀಗೇ ಮಲಗಿದರೆ ನಾನಂತೂ ಜವಾಬ್ದಾರಿಯಲ್ಲ ಅಂದರು. "ಹುಳ ಬಿಡಿ, ಇಲ್ಲಾ ಉಸಿರು ಬಿಡಿ."

ದೊಡ್ಡವ್ವ ಔಷಧಿ ಚೀಟಿ ಸೆರಗಿಗೆ ಕಟ್ಟಿಕೊಂಡು ವಾಪಸ್ಸು ಬಸ್ಸು ಹತ್ತಿದಳು. ಮನೆ ಹತ್ತಿರ ಬಂದಾಗ, "ಉಳ ಬುಟ್ಟು... ನಾನೇನ್ ಮಾಡ್ಲಾ? ನಿನ್ ಮಕ... ನೋಡ್ಕಂಡ್ ಕೂತ್ಕಳ್ಳಾ?" ಅಂದಳು. ನ್ಯಾಯವಾದ ಪ್ರಶ್ನೆಯೇ. ನಾನೇ ಕನ್ನಡಿಯಲ್ಲಿ ಆ ಮುಖವನ್ನು ಬಹಳ ಹೊತ್ತು ನೋಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಗಂಜಾಂಗೆ ಹೋಗಿ ನಿಮಿಷಾಂಬೆಗೆ ಹರಕೆ ಹೊತ್ತಳು. ಹುಳವೂ ಇರಲಿ, ಉಸಿರೂ ಇರಲಿ ಅಂತ. ಹೊಳೆಯಿಂದ ಮೇಲೆ ಬಂದು ಒಂದು ಅಂಗಡಿಯ ಮುಂದೆ ಸೋಡಾ ಕುಡಿಯಲು ಕೂತೆವು. ಅಂಗಡಿಯ ಐಸಿನ ಪೆಟ್ಟಿಗೆಯನ್ನು ಅಡ್ಡ ಎಳೆದು ಒಬ್ಬ ಮೆಕ್ಯಾನಿಕ್ಕು ರಿಪೇರಿ ಮಾಡುತ್ತಿದ್ದ. ದೊಡ್ಡವ್ವನ ಕಾಲಿಗೆ ಏನೋ ಬೆಚ್ಚಗೆ ಬಡಿಯಿತು. ಬಗ್ಗಿ ಪೆಟ್ಟಿಗೆಯ ಹಿಂದೆ ಕೈಯಿಟ್ಟಳು. ಮುಂದಿನ ಮುಚ್ಚಳ ತೆಗೆದು ಒಳಗೆ ಕೈಯಿಟ್ಟಳು. ಮತ್ತೆ ಹಿಂದೆ.

"ಏನಪ್ಪಾ ಇದು... ಒಳಗೆ ಐಸು... ಹಿಂದೆ ಬಿಸಿ?"

"ಒಳಗಿನ ಗರ್ಮಿ ಎಳ್ದು ಹಿಂದೆ ಬಿಡ್ತದೆ ಅಮ್ಮಾಜಿ. ಇದಕ್ಕೆ ಅದೇ ಕೆಲ್ಸ."

"ಬೆಂಕಿ ಇಲ್ವಾ ಒಳಗೆ?"

"ಬೆಂಕಿ ಯಾಕೆ? ಇರೋ ಬಿಸೀನೇ ಅಲ್ಲಿಂದ ಇಲ್ಲಿಗೆ ಸಾಗಿಸ್ತದೆ, ಅಷ್ಟೇ."

ದೊಡ್ಡವ್ವ ಸೋಡಾ ಬಾಟಲಿ ನನ್ನ ಕೈಗೆ ಕೊಟ್ಟಳು. "ಅಂಗಾದ್ರೆ... ಇದ್ರ ಮಕಾನ ಬೀದಿಗೆ ಮಾಡಿ... ಬೆನ್ನ ನನ್ ಉಳದ್ ಮನೇಗೆ... ತಿರುಗ್ಸಿಡಪ್ಪಾ."

ನಾನು ನಕ್ಕೆ. ಮೆಕ್ಯಾನಿಕ್ಕು ನಗಲಿಲ್ಲ. ಸ್ಪಾನರು ಕೆಳಗಿಟ್ಟು, "ಅಮ್ಮಾಜಿ, ಅಂಥಾ ಮಿಷೀನೇ ಐತೆ" ಅಂದ.

ಅವನು ಮುನೀರಣ್ಣ. ಮೂರು ತಾಲ್ಲೂಕಿನ ಐಸ್ ಕ್ಯಾಂಡಿಗೂ ತಾನೇ ಮಾಲೀಕ ಅನ್ನುವ ಹಾಗೆ ಮಾತಾಡುವ ಆಸಾಮಿ. ಯಾವ ಯಂತ್ರ ಕಂಡರೂ "ರಾಜಾ ಪೀಸು" ಅನ್ನುತ್ತಿದ್ದ. ಅವನ ಸ್ಕೂಟರೂ ರಾಜಾ ಪೀಸೇ, ತಳ್ಳಿದರೆ ಓಡುತ್ತಿತ್ತು. ಮೈಸೂರಿನಲ್ಲಿ ಕೆಡವಿದ ಹೋಟೆಲೊಂದರಿಂದ ಬಿಚ್ಚಿ ತಂದ ದೊಡ್ಡ ಪೆಟ್ಟಿಗೆ ಅವನ ಶೆಡ್ಡಿನಲ್ಲಿತ್ತು. ಸೆಕೆಗೆ ತಂಪು, ಚಳಿಗೆ ಬಿಸಿ, ಎರಡೂ ಕಡೆ ತಿರುಗುವ ಪಂಪು. ಒಂದೇ ಪೆಟ್ಟಿಗೆಯಿಂದ ತವರದ ಕೊಳವೆ ಎಳೆದರೆ ಇಡೀ ಮನೆಗೆ ಗಾಳಿ.

"ಚಳೀಲಿ ಹೊರಗೆ ಬಿಸಿ ಎಲ್ಲಿರುತ್ತೆ, ಸಾಗಿಸೋಕೆ?" ಅಂತ ನಾನು ಬಿ.ಎ. ತೋರಿಸಿದೆ.

"ಬೇಸಿಗೇಲಿ ಹೊಳೆ ಬತ್ತಿರ್ತದಲ್ಲ, ಮರಳು ತೋಡಿದ್ರೆ ಒರತೆ ಬರಲ್ವಾ? ಹವಾದಲ್ಲೂ ಹಂಗೇ. ತೋಡಬೇಕು ಬಾಬು."

ಮಳೆಗಾಲ ಮುಗಿಯುವ ಹೊತ್ತಿಗೆ ಪೆಟ್ಟಿಗೆ ಕಿಕ್ಕೇರಿಯ ಹಿತ್ತಿಲಿಗೆ ಬಂತು. ಹುಳದ ಮನೆಗೊಂದು ಕೊಳವೆ, ದೊಡ್ಡವ್ವ ಇನ್ನು ಮುಂದೆ ಮಲಗಬೇಕಾದ ಪಕ್ಕದ ಕೋಣೆಗೊಂದು. ಹೊರಗೋಡೆಯಲ್ಲಿ ಹೊಸ ಗಾಳಿ ಒಳಗೆ ಬರಲು ಒಂದು ಬಾಯಿ, ಅದಕ್ಕೆ ದೂಳು ತಡೆಯುವ ಬಟ್ಟೆ. ಎದುರು ಗೋಡೆಯಲ್ಲಿ ಹಳೇ ಗಾಳಿ ಹೋಗಲು ಒಂದು ಕಿಂಡಿ. ಗೋಡೆಗೆಲ್ಲ ಥರ್ಮಕೋಲು ಬಡಿದದ್ದರಿಂದ ಕರೆಂಟು ಹೋದರೂ ಸುಮಾರು ಹೊತ್ತು ಬೆಚ್ಚಗಿರುತ್ತದೆ ಅಂತ ಮುನೀರಣ್ಣ ಎದೆ ತಟ್ಟಿಕೊಂಡ. ಎದೆ ತಟ್ಟಿಕೊಳ್ಳುವುದರಲ್ಲಿ ಆತ ನಿಜಕ್ಕೂ ರಾಜಾ ಪೀಸು.

ಹುಳ ತರುವ ಮುಂಚೆ ಒಂದು ಪರೀಕ್ಷೆ ಇಟ್ಟೆವು. ಸ್ವಿಚ್ಚು ಒತ್ತಿದ. ಪೆಟ್ಟಿಗೆ ಗುಡುಗಿತು. ಸ್ವಲ್ಪ ಹೊತ್ತಿಗೆ ಹಿತ್ತಿಲ ಆಚೆ ಚಳಿಗೆ ಮುದುರಿ ಕೂತಿದ್ದ ಮುದುಕರೆಲ್ಲ ಕೈ ಚಾಚಿ, "ಆಹಾ, ಬೆಚ್ಚಗೈತೆ" ಅಂತ ಪೆಟ್ಟಿಗೆಯ ಸುತ್ತ ನೆರೆದರು. ಒಳಗೆ ದೊಡ್ಡವ್ವ ಸೆರಗು ಹೊದ್ದು ನಡುಗುತ್ತಿದ್ದಳು.

"ಮುನೀರಾ... ಊರ್ಗೆಲ್ಲಾ... ಬಿಸಿ ಕೊಟ್ಟು... ನಂಗೆ ಐಸ್ ಮಾಡ್ಬುಟ್ಯಲ್ಲೋ!"

ದಿಕ್ಕು ಬದಲಿಸುವ ವಾಲ್ವಿಗೆ ತಂತಿ ಉಲ್ಟಾ ಕೊಟ್ಟಿದ್ದ. ತಲೆ ಕೆರೆದುಕೊಂಡು ಸರಿಮಾಡಿದ. ಈಗ ಒಳಗೆ ಬೆಚ್ಚಗಾಯಿತು, ಹೊರಗೆ ಪೆಟ್ಟಿಗೆ ತಣ್ಣಗಿನ ಗಾಳಿ ಊದಿತು. ಮುದುಕರು ಶಾಪ ಹಾಕಿ ಎದ್ದುಹೋದರು. ಪಕ್ಕದ ಮನೆಯ ನಂಜೇಗೌಡ ಮಾರನೇ ದಿನವೇ ಜಗಳಕ್ಕೆ ಬಂದ. "ಜವರವ್ವಾ, ನಮ್ ಬೀದಿ ಬಿಸೀನೆಲ್ಲಾ ನೀನೇ ಈರ್ಕೊಂಡ್ರೆ ನಮ್ ಕರ ಏನಾಗ್ಬೇಕು? ನೋಡು, ನಡುಗ್ತಾ ಅದೆ." ಕರುವನ್ನು ಆಚೆ ಗೂಟಕ್ಕೆ ಕಟ್ಟಿದ ಮೇಲೆ ಬೀದಿಗೆ ಬಿಸಿ ವಾಪಸ್ಸು ಬಂತು.

ಹೊರಡುವ ಮುಂಚೆ ಮುನೀರಣ್ಣ ನನ್ನನ್ನು ಹುಳದ ಮನೆಯೊಳಗೆ, ಗೋಡೆಯ ಬಾಯಿಯ ಹತ್ತಿರ ನಿಲ್ಲಿಸಿ ತಿರುಗಿಸುವ ಒಂದು ಹಿಡಿ ತೋರಿಸಿದ. "ದೇಖೋ ಬಾಬು. ಸೀದಾ ಕೈ ಕಡೆ ಪೂರಾ ತಿರುಗ್ಸಿದ್ರೆ, ಅಂದ್ರೆ ಬಲಕ್ಕೆ, ಹೊಸ ಹವಾ ಒಳಗೆ, ಪುರಾನಾ ಹವಾ ಹೊರಗೆ. ಎಡಕ್ಕೆ ತಿರುಗ್ಸಿದ್ರೆ ಪುರಾನಾ ಹವಾನೇ ಸುತ್ತುತಾ ಇರ್ತದೆ. ನಡುಮಧ್ಯೆ ಇಡಿ. ಯಾರೂ ಮುಟ್ಬಾರ್ದು." ನಾನು ಆತನ ದನಿ, ಆತನ ಹುಬ್ಬು, ಆತನ ಬೆರಳು ಎಲ್ಲವನ್ನೂ ಅಲ್ಲೇ ಮಾಡಿ ತೋರಿಸಿದೆ. ಆತ ಖುಷಿಯಾಗಿ ಹೋದ.

ಹುಳ ಬಂದವು. ಮೊದಲ ಜ್ವರ ಸುಖವಾಗಿ ಕಳೆಯಿತು. ಅಷ್ಟರಲ್ಲಿ ಮೊದಲ ಶುಕ್ರವಾರ ಬಂತು.

ದೊಡ್ಡವ್ವ ಒಂದು ಹೊಸ ವಸ್ತು ಮನೆಗೆ ಬಂದರೆ ಪೂಜೆ ಮಾಡದೆ ಬಿಡುವವಳಲ್ಲ. ಕೊಡಲಿ, ಕುಡುಗೋಲು, ನನ್ನ ಕೈಗಡಿಯಾರಕ್ಕೂ ಕುಂಕುಮ ಇಟ್ಟಿದ್ದಳು. ಇದಂತೂ ಅವಳ ಉಸಿರು ಉಳಿಸಲು ಬಂದ ದೇವರು. ಹುಳದ ಮನೆಯೊಳಗೆ ಊದುಬತ್ತಿ ಸೇರಿಸುತ್ತಿರಲಿಲ್ಲವಲ್ಲ, ಆದ್ದರಿಂದ ಪೂಜೆ ಹೊರಗಡೆ. ಅದೇ ಗೋಡೆಯ ಬಾಯಿಗೆ ಅರಿಸಿನ ಕುಂಕುಮ ಹಚ್ಚಿದಳು. ಹೊರಗೆ ತಾನೇ ಅಂತ ಧೈರ್ಯವಾಗಿ, ಒಂದು ದೊಡ್ಡ ಧೂಪದಾನಿ ತುಂಬ ಕೆಂಡ ಹಾಕಿ, ಹಿಡಿ ಸಾಂಬ್ರಾಣಿ ಸುರಿದು, ಬಾಯಿಯ ಮುಂದೆ ಚೆನ್ನಾಗಿ ಬೆಳಗಿದಳು. ದೇವರು ಧೂಪವನ್ನು ಒಂದು ಎಳೆಯೂ ಬಿಡದೆ ಒಳಕ್ಕೆ ಎಳೆದುಕೊಂಡಿತು. ನಿಂತು ನೋಡಿ ದೊಡ್ಡವ್ವನಿಗೆ ಭಕ್ತಿ ಉಕ್ಕಿತು. "ನೋಡ್ಲಾ... ಎಂಗೆ ತಕ್ಕತಾ ಐತೆ!" ಅಂತ ಇನ್ನೊಂದು ಹಿಡಿ ಸುರಿದಳು.

ಅಂಗಳದಲ್ಲಿ ಬಾಚಣಿಗೆ ಹಿಡಿದು ನಿಂತಿದ್ದ ನಾನೂ ಒಂದು ಕ್ಷಣ ಕೈಮುಗಿದೆ. ಆಮೇಲೆ ತಲೆಗೆ ಹೊಳೆಯಿತು. "ದೊಡ್ಡವ್ವಾ! ಅದು ಒಳಗಡೆ ಹೋಗ್ತಾ ಅದೆ!"

ಅವಳ ಮುಖ ನಾನೆಂದೂ ಮಾಡಿ ತೋರಿಸಲಾಗದ ಮುಖ. ಧೂಪದಾನಿ ಬಿಸಾಕಿ ಒಳಗೆ ಓಡಿದಳು. ಹಿಂದೆ ನಾನು. ಹುಳದ ಮನೆ ಗರ್ಭಗುಡಿಯ ಹಾಗೆ ಹೊಗೆ ತುಂಬಿತ್ತು. ತಟ್ಟೆಗಳಲ್ಲಿ ಮರಿಗಳು ಮೇವು ಬಿಟ್ಟು ತಲೆ ಮೇಲೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ದೊಡ್ಡವ್ವ ಎರಡು ತಟ್ಟೆ ಎತ್ತಲು ನೋಡಿ, ಕೆಮ್ಮು ಹಿಡಿದು, ಗೋಡೆಗೆ ಒರಗಿ ಕುಸಿದಳು. ಎದೆಯ ಶಿಳ್ಳೆ ಬಾಗಿಲಾಚೆಗೂ ಕೇಳುತ್ತಿತ್ತು. ಕೈಯಲ್ಲಿ ಮಾತ್ರ ಗೋಡೆಯ ಹಿಡಿಯ ಕಡೆ ತೋರಿಸಿದಳು.

ಅದು ಎಡಕ್ಕೆ ತಿರುಗಿ ಕೂತಿತ್ತು. ಬಿಸಿ ಆಚೆ ಹೋದೀತು ಅಂತ ಅವಳೇ ಬೆಳಗ್ಗೆ ತಿರುಗಿಸಿದ್ದಳು. ಆದರೂ ಬಾಯಿ ಪೂರ್ತಿ ಮುಚ್ಚಿರಲಿಲ್ಲ, ಬಟ್ಟೆಯ ಬದಿಯ ಸಂದಿನಲ್ಲಿ ಎಳೆದುಕೊಂಡ ಹೊಗೆಯೆಲ್ಲ ಹೊರಗೆ ಹೋಗದೆ ಒಳಗೇ ಸುತ್ತುತ್ತಿತ್ತು. ನನಗೋ, ಆ ಗಾಬರಿಯಲ್ಲಿ ಯಾವ ಕಡೆ ತಿರುಗಿಸಬೇಕೋ ಮರೆತೇ ಹೋಗಿತ್ತು. ನನ್ನ ತಲೆಯಲ್ಲಿ ಯಾವುದೂ ನನ್ನ ದನಿಯಲ್ಲಿ ನಿಲ್ಲುವುದಿಲ್ಲವಲ್ಲ. ಹೊಗೆಯ ನಡುವೆ ನಿಂತು ಹುಬ್ಬು ಏರಿಸಿ, ಬೆರಳೆತ್ತಿ, ಮುನೀರಣ್ಣನಾದೆ. "ದೇಖೋ ಬಾಬು, ಸೀದಾ ಕೈ ಕಡೆ ಪೂರಾ ತಿರುಗ್ಸಿದ್ರೆ..." ಮಾತು ಮುಗಿಯುವ ಮುಂಚೆ ಬಲಗೈ ತಾನಾಗಿ ತಿರುಗಿಸಿತು. ಕೆಮ್ಮಿನ ನಡುವೆಯೂ ದೊಡ್ಡವ್ವ, "ಈಗ್ಲೂ... ನಾಟ್ಕನಾ... ಮುಂಡೇದೇ..." ಅಂದಳು.

ಹೊರಗೆ ಚೆಲ್ಲಿದ ಕೆಂಡಕ್ಕೆ ನೀರು ಸುರಿದು ಬಂದೆ. ಅವಳನ್ನು ಎಬ್ಬಿಸಿ ಅಂಗಳಕ್ಕೆ ಕರೆತರಲು ನೋಡಿದರೆ ಬಾಗಿಲ ಬಳಿಯಿಂದ ಆಚೆಗೆ ಬರಲೊಲ್ಲಳು. ಅಲ್ಲೇ ಕೂತೆವು. ಪೆಟ್ಟಿಗೆ ಗುಡುಗುತ್ತಲೇ ಇತ್ತು. ಮೊದಲು ತೊಲೆ ಕಾಣಿಸಿತು. ಆಮೇಲೆ ಮೇಲಿನ ತಟ್ಟೆಗಳು. ಎದುರು ಕಿಂಡಿಯಿಂದ ಹೊಗೆ ಬೀದಿಗೆ ಹೋಗಿ, ನಂಜೇಗೌಡ ಅಲ್ಲಿಂದಲೇ ಯಾರದು ಪೂಜೆ ಅಂತ ಕೂಗಿ ಕೇಳಿದ. ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟರಲ್ಲಿ ಕೋಣೆ ತಿಳಿಯಾಗಿತ್ತು, ಬೆಚ್ಚಗೂ ಇತ್ತು. ಹಿಂದೆ ಹೀಗಾಗಿದ್ದರೆ ಕಿಟಕಿ ಬಾಗಿಲೆಲ್ಲ ತೆರೆಯಬೇಕಿತ್ತು, ಹೊಗೆಗೆ ಉಳಿದ ಹುಳ ಚಳಿಗೆ ಹೋಗುತ್ತಿದ್ದವು.

ದೊಡ್ಡವ್ವ ತಟ್ಟೆಗಳಿಗೆ ಹೊಸದಾಗಿ ಹೆಚ್ಚಿದ ಸೊಪ್ಪು ಉದುರಿಸಿದಳು. ಉದುರಿಸಿ, ಮುಖ ತಟ್ಟೆಗೆ ತಾಗುವಷ್ಟು ಬಗ್ಗಿ ಕಾದಳು. ನಾನೂ ಬಗ್ಗಿದೆ. ಏನೂ ಇಲ್ಲ. ಮರಿಗಳು ಸುಮ್ಮನೆ ಬಿದ್ದಿದ್ದವು. ನೂರು ಮನೆಯವರ ಹುಳ. ಅವಳ ಬೆರಳು ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಎಷ್ಟೋ ಹೊತ್ತಿನ ಮೇಲೆ ಒಂದು ಎಲೆಯ ಚೂರಿನಲ್ಲಿ ಸೂಜಿಮೊನೆಯಷ್ಟು ಒಂದು ತೂತು ಕಾಣಿಸಿತು. ಅದರ ಪಕ್ಕ ಇನ್ನೊಂದು.

"ತಿಂತಾವೆ ಕಣ್ಲಾ," ಅಂದಳು. "ತಿಂತಾವೆ. ತಿಂತಾವೆ ಕಣಪ್ಪಾ."

ಅಲ್ಲೇ ನೆಲದ ಮೇಲೆ ಕೂತು ನಕ್ಕಳು. ನಾನೂ ನಕ್ಕೆ. ಆಗಲೇ ನನಗೆ ಗೊತ್ತಾದದ್ದು, ಎದೆಯ ಶಿಳ್ಳೆ ನಿಂತಿದೆ ಅಂತ. ಹಿಂದೆ ಒಂದು ಸಲ ದಮ್ಮು ಕೆರಳಿದರೆ ಮಾರನೇ ಬೆಳಗಾಗುವ ತನಕ ಮೊಣಕಾಲು ತಬ್ಬಿ ಕೂರಬೇಕಿತ್ತು. ಈಗ ಅನ್ನ ಬೆಂದಿತ್ತು, ಅವಳು ಎದ್ದು ಬಸಿದಳು.

ಪೂಜೆ ನಿಲ್ಲಲಿಲ್ಲ, ಬದಲಾಯಿತು. ಪ್ರತಿ ಶುಕ್ರವಾರ ಗೋಡೆಯ ಬಾಯಿಗೆ ಕುಂಕುಮ, ಹಿಪ್ಪುನೇರಳೆ ಎಲೆಯ ಹಾರ. ಹೂವಿಗೂ ಪರಿಮಳ ಇದೆ ಅಂತ ಹೂವೂ ಇಲ್ಲ. ಮುನೀರಣ್ಣ ಬಂದು ಬಟ್ಟೆಯ ಸಂದು ಬಿಗಿ ಮಾಡಿ, ಹಾರ ನೋಡಿ, "ನಮ್ಮ ಮಿಷೀನು ಸಸ್ಯಾಹಾರಿ ಆಗೋಯ್ತು" ಅಂದ. ಇದ್ದಿಲ ಒಲೆಯಲ್ಲಿ ಹುಲ್ಲು ಹಾಸಿ ಕೋಳಿಯನ್ನು ಕಾವಿಗೆ ಕೂರಿಸಿದಳು.

ನನಗೆ ನಷ್ಟವಾದದ್ದು ಬೇರೆ ಕಡೆ. ಆ ಚಳಿಗಾಲ ಕಳೆದು, ಇನ್ನೊಂದೂ ಕಳೆಯುವ ಹೊತ್ತಿಗೆ ಅವಳ ಮಾತು ಎಕ್ಸ್‌ಪ್ರೆಸ್ಸಾಗಿತ್ತು. ನಡುವೆ ನಿಲುಗಡೆಯೇ ಇಲ್ಲ. ಒಂದು ಸಂತೆಯ ದಿನ ಅವಳು ಬಸ್ ಸ್ಟ್ಯಾಂಡಿಗೆ ಬಂದಿದ್ದಾಗ ಹೂವಿನವಳು ನನ್ನನ್ನು ಪೀಡಿಸಿದಳು. ಸರಿ, ಹಳೇ ಐಟಂ ಮಾಡಿದೆ. "ಲೇ... ಆ ಸೊಪ್ಪ... ನೆಳ್ಳಗೆ..." ಯಾರೂ ನಗಲಿಲ್ಲ. ದೊಡ್ಡವ್ವ ಕತ್ತು ಓರೆ ಮಾಡಿ ಕೇಳಿದಳು.

"ಯಾರ್ಲಾ ಅದು? ಪಾಪ, ಉಸಾರಿಲ್ವಾ ಅವುಳ್ಗೆ?"

ಅಷ್ಟು ಸಂತೋಷವಾಗಿ ನಾನು ಯಾವ ಐಟಮ್ಮನ್ನೂ ಕೈಬಿಟ್ಟಿಲ್ಲ.

ಅವಳು ತೀರಿಕೊಂಡದ್ದು ಉಸಿರಿನಿಂದ ಅಲ್ಲ. ಮಗಳ ಮನೆಯಲ್ಲಿ, ಮಧ್ಯಾಹ್ನ ಊಟವಾದ ಮೇಲೆ, ಯಾರದೋ ಮದುವೆಯ ಸುದ್ದಿ ಹೇಳುತ್ತಾ ಹೇಳುತ್ತಾ ಹೃದಯ ನಿಂತಿತಂತೆ. ಮಾತಿನ ನಡುವೆ ಹೋದಳು ಅಂತ ಪುಟ್ಟಿ ಅತ್ತಳು. ನನಗೆ ಅಳುವಿನ ಜೊತೆಗೆ ಒಂದು ಸಮಾಧಾನವೂ ಆಯಿತು. ಇದ್ದಿಲ ಒಲೆಯ ಪಕ್ಕ ಆ ಬೆಳಗ್ಗೆಯೇ ಹೋಗಬೇಕಾದವಳು, ಇಷ್ಟು ವರ್ಷ ಊರನ್ನೆಲ್ಲ ಬೈದು, ಹೊಟ್ಟೆ ತುಂಬ ಉಂಡು ಹೋದಳಲ್ಲ.

ನಾನು ಅವಳನ್ನು ಕಡೆಯದಾಗಿ ಕಂಡದ್ದು ಅದಕ್ಕೂ ಒಂದು ವರ್ಷ ಮುಂಚೆ, ನನ್ನದೇ ಬಸ್ ಸ್ಟ್ಯಾಂಡಿನಲ್ಲಿ. ಮಗಳೂ ಅಳಿಯನೂ ನಾಗಮಂಗಲದ ಹತ್ತಿರ ಚಾಕಿ ಮನೆ ಕಟ್ಟುತ್ತಿದ್ದರು. ನೀನೇ ಬಂದು ನಿಲ್ಲಬೇಕು ಅಂತ ಕರೆದಿದ್ದರು. ಕಿಕ್ಕೇರಿಯ ಮನೆಯನ್ನು ನಮ್ಮವ್ವನಿಗೆ ಒಪ್ಪಿಸಿ ಹೊರಟಿದ್ದಳು. ಕಿಟಕಿಯ ಸೀಟು ಹಿಡಿದು ಕೊಟ್ಟು ನಾನು ಕೆಳಗೆ ನಿಂತೆ. ಬಸ್ಸು ಬಿಡಲು ರೈಟ್ ಹೇಳಬೇಕಾದವನೂ ನಾನೇ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳೋಣ ಅಂತ ಕಾದೆ.

"ಲೇ, ಆ ಗೋಡೆ ಬಾಯಿ ಬಟ್ಟೇನ ತಿಂಗ್ಳಿಗೊಂದ್ಸಲ ಒಗೀಬೇಕು ಕಣ್ಲಾ ಬರೀ ನೀರಲ್ಲಿ ಸೋಪಾಕ್ಬೇಡ ನಿಮ್ಮವ್ವಂಗೆ ಏಳು ಬಿಸಿ ಓಯ್ತದೆ ಅಂತ ಇಡಿ ಎಡಕ್ಕೆ ತಿರುಗ್ಸುದ್ರೆ ನಾನೇ ಬಂದು ಕೈ ಮುರೀತೀನಿ ಅಂತ, ಆಮೇಲೆ ಪಾಂಡವಪುರದೋರು ಎಣ್ಣು ತೋರುಸ್ತೀವಿ ಅಂದವ್ರೆ ಓಗಿ ನೋಡು ಅವುಳಪ್ಪನ್ ತರ ಮಾಡಿ ತೋರ್ಸಕ್ಕೆ ಓಗ್ಬೇಡ ಬಾಯ್ ಮುಚ್ಕಂಡ್ ಕೂತ್ಕೊ ನಿನ್ ಮಕಕ್ಕೆ ಅದೊಂದೇ ದಾರಿ ಉಳ್ದಿರಾದು..."

ಡ್ರೈವರು ಇಂಜಿನ್ನು ಎರಡು ಸಲ ರೇಗಿಸಿದ. "ಏನ್ಲಾ, ರೈಟ್ ಏಳ್ತೀಯೋ ಇಲ್ಲಾ ಸಂಜೆ ಮಾಡ್ತೀಯೋ?"

"ಇರಣ್ಣ, ಅವಳು ಒಂದು ಸಲ ನಿಲ್ಲಲಿ" ಅಂದೆ.

ಅವಳು ನಿಲ್ಲಲಿಲ್ಲ. ಕೊನೆಗೆ ಮಾತಿನ ನಡುವೆಯೇ ಬಸ್ಸಿನ ಬೆನ್ನು ತಟ್ಟಿ ರೈಟ್ ಅಂದೆ. ಬಸ್ಸು ಹೊರಟಿತು, ಮಾತು ಅದರ ಜೊತೆಗೇ ಹೊರಟಿತು. ಪಕ್ಕದ ಸೀಟಿನ ಹೆಂಗಸು ಆಗಲೇ ಹೂಂಗುಟ್ಟಲು ಶುರುಮಾಡಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಲ್ಲಿ ದೊಡ್ಡವ್ವನ ಬಾಯಿ ಆಡುತ್ತಲೇ ಇತ್ತು.